ಶಿವಮೊಗ್ಗದ ಹೂವು, ಎಡಿನ್‌ಬರೋದ ವಸಂತ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ವಸಂತ ಬಂತೆಂದರೆ ಊರಿನ ಜನ ಮಕ್ಕಳುಮರಿಗಳೊಂದಿಗೆ ರಾಯಲ್ ಬೊಟಾನಿಕ್ ಗಾರ್ಡನ್ನಿನತ್ತ ಹೊರಡುತ್ತಾರೆ. ಅಲ್ಲಿನ ರೋಡೋಡೆಂಡ್ರಾನ್ ಗಿಡಗಳು ಹೂ ಬಿಡುವ ಕಾಲ ಅದು. ಕೆಂಪು, ಗುಲಾಬಿ, ಬಿಳಿ, ಹಳದಿ, ನೇರಳೆ ಹೀಗೆ ಹತ್ತಾರು ಬಣ್ಣಗಳಲ್ಲಿ, ಒಂದು ಜಾತಿಯದು ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯದು ಅರಳುತ್ತ, ಚಳಿಗಾಲದ ಕೊನೆಯಿಂದ ಬೇಸಿಗೆಯ ಬಾಗಿಲವರೆಗೆ ಈ ಹೂವಿನ ಜಾತ್ರೆ ನಡೆಯುತ್ತದೆ. 1670ರಲ್ಲಿ ಔಷಧಿ ಸಸ್ಯಗಳ ಪುಟ್ಟ ತೋಟವಾಗಿ ಹುಟ್ಟಿದ ಈ ಉದ್ಯಾನ ಇಂದು ಜಗತ್ತಿನಲ್ಲೇ ಅತ್ಯಂತ ಹೆಚ್ಚು ಬಗೆಯ ರೋಡೋಡೆಂಡ್ರಾನ್‌ಗಳನ್ನು ಬೆಳೆಸಿರುವ ಸಂಸ್ಥೆಗಳ ಸಾಲಿನಲ್ಲಿ ಮೊದಲು ನಿಲ್ಲುತ್ತದೆ.

ಸ್ಕಾಟ್ಲೆಂಡಿನ ಹೂವಿಗೂ ನಮ್ಮ ಶಿವಮೊಗ್ಗಕ್ಕೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ನಂಟು ಇದೆ. ಅದೇ ಉದ್ಯಾನದ ಗ್ರಂಥಾಲಯದಲ್ಲಿ, ಬಿಸಿಲು ತಾಗದಂತೆ ಜೋಪಾನ ಮಾಡಿದ ಕಾಗದದ ಹಾಳೆಗಳ ಮೇಲೆ, ಶಿವಮೊಗ್ಗ ಸೀಮೆಯ ಗಿಡಗಳೂ ಹೂಗಳೂ ಇವೆ. 1845ರಿಂದ 1847ರ ನಡುವೆ ನಮ್ಮ ಊರಿನಲ್ಲಿ ಕುಳಿತು ಬರೆದ ಬಣ್ಣದ ಚಿತ್ರಗಳು ಅವು. ಬರೆಸಿದವನು ಒಬ್ಬ ಸ್ಕಾಟಿಷ್ ಡಾಕ್ಟರು. ಬರೆದವನು ಒಬ್ಬ ಮರಾಠಿ ಚಿತ್ರಕಾರ. ಡಾಕ್ಟರ ಹೆಸರು ಗ್ರಂಥಗಳಲ್ಲಿದೆ, ಒಂದು ಸಸ್ಯಕುಲಕ್ಕೂ ಅದನ್ನೇ ಇಟ್ಟಿದ್ದಾರೆ. ಚಿತ್ರಕಾರನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಡಾಕ್ಟರನ ಹೆಸರು ಹ್ಯೂ ಕ್ಲೆಗ್‌ಹಾರ್ನ್. ಹುಟ್ಟಿದ್ದು 1820ರಲ್ಲಿ, ಮದರಾಸಿನಲ್ಲಿ. ತಂದೆ ಅಲ್ಲಿನ ನ್ಯಾಯಾಲಯದ ಅಧಿಕಾರಿ. ಹುಡುಗನನ್ನು ಓದಿಗೆಂದು ಸ್ಕಾಟ್ಲೆಂಡಿಗೆ ಕಳಿಸಲಾಯಿತು. ಎಡಿನ್‌ಬರೋದಲ್ಲಿ ವೈದ್ಯಕೀಯ ಮುಗಿಸಿ 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮರಳಿ ಬಂದ. ಆಗ ಮೈಸೂರು ಸಂಸ್ಥಾನದ ಆಡಳಿತ ಮಹಾರಾಜರ ಕೈಯಲ್ಲಿರಲಿಲ್ಲ. ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಅದನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಅವನ ಕೈಕೆಳಗಿನ ನಗರ ಡಿವಿಜನ್ನಿಗೆ, ಅಂದರೆ ಶಿವಮೊಗ್ಗಕ್ಕೆ, ವೈದ್ಯಾಧಿಕಾರಿಯಾಗಿ ಬಂದಾಗ ಕ್ಲೆಗ್‌ಹಾರ್ನ್‌ಗೆ ಇಪ್ಪತ್ತೈದರ ಆಸುಪಾಸು.

ಆ ಕಾಲದ ಡಾಕ್ಟರುಗಳಿಗೆ ಸಸ್ಯಶಾಸ್ತ್ರ ಹವ್ಯಾಸವಾಗಿರಲಿಲ್ಲ, ಕಸುಬಿನ ಭಾಗವೇ ಆಗಿತ್ತು. ಔಷಧಿಯೆಲ್ಲ ಗಿಡಮೂಲಿಕೆಯಿಂದಲೇ ಬರುತ್ತಿದ್ದುದರಿಂದ ಗಿಡ ಗುರುತಿಸಲಾರದ ಡಾಕ್ಟರು ಅರ್ಧ ಡಾಕ್ಟರು. ಲಂಡನ್ ಬಳಿಯ ಕ್ಯೂ ಉದ್ಯಾನದ ನಿರ್ದೇಶಕನಾಗಿದ್ದ ವಿಲಿಯಂ ಹೂಕರ್ ಕೊಟ್ಟ ಸಲಹೆಯೊಂದನ್ನು ಕ್ಲೆಗ್‌ಹಾರ್ನ್ ಮನಸ್ಸಿಗೆ ಹಚ್ಚಿಕೊಂಡಿದ್ದ: ದಿನಕ್ಕೆ ಒಂದೇ ಒಂದು ಗಿಡ, ಅದಕ್ಕೆ ಕಾಲು ಗಂಟೆ, ಅಷ್ಟು ಸಾಕು. ಶಿವಮೊಗ್ಗದಲ್ಲಿ ಆತ ಇದನ್ನು ವ್ರತದಂತೆ ಪಾಲಿಸಿದ. ದಿನಕ್ಕೊಂದು ಗಿಡ ತರಿಸಿ ನೋಡುವುದು, ಅದರ ಚಿತ್ರ ಬರೆಸುವುದು. ಅದಕ್ಕಾಗಿಯೇ ಆ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದ.

ಈ ಕೆಲಸದ ಕಷ್ಟ ಏನೆಂದು ಹೂವಿನ ಮಾರುಕಟ್ಟೆಯವರನ್ನು ಕೇಳಿದರೆ ಹೇಳುತ್ತಾರೆ. ಬೆಳಿಗ್ಗೆ ಕೊಯ್ದ ಕಾಡುಹೂವು ಮಧ್ಯಾಹ್ನದ ಹೊತ್ತಿಗೆ ಜೋತುಬೀಳುತ್ತದೆ. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿಟ್ಟರೆ ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಕೆಂಪು ಕಂದಾಗುತ್ತದೆ, ನೀಲಿ ಮಾಸುತ್ತದೆ. ಹಾಗಾಗಿ ಕ್ಯಾಮರಾ ಬಳಕೆಗೆ ಬರುವ ಮುಂಚಿನ ಸಸ್ಯಶಾಸ್ತ್ರ ಚಿತ್ರಕಾರನನ್ನೇ ನಂಬಿಕೊಂಡಿತ್ತು. ಹೂವು ಬಾಡುವ ಮುಂಚೆ ಅದರ ಬಣ್ಣವನ್ನು ಹಿಡಿಯಬೇಕು. ಎಸಳೆಷ್ಟು, ಕೇಸರವೆಷ್ಟು, ಎಲೆಯ ನರ ಯಾವ ಕಡೆಗೆ ಬಾಗಿದೆ ಎಂಬುದು ತಪ್ಪಬಾರದು. ಚೆಂದ ಮಾಡುವ ಆಸೆಗೆ ಒಂದು ಎಲೆ ಹೆಚ್ಚು ಬರೆದರೂ ಶಾಸ್ತ್ರಕ್ಕೆ ಅದು ಸುಳ್ಳು. ದೇವರ ಪಟ, ಗೋಡೆಯ ಚಿತ್ತಾರಗಳಿಗೆ ಒಗ್ಗಿದ ನಮ್ಮ ನಾಡಿನ ಕುಂಚಗಳು ಕಂಪನಿಯ ಸಾಹೇಬರಿಗಾಗಿ ಈ ಹೊಸ ಶಿಸ್ತನ್ನು ಕಲಿತವು. ಕಲಾ ಇತಿಹಾಸಕಾರರು ಇದನ್ನು ಕಂಪನಿ ಶೈಲಿ ಎಂದು ಕರೆಯುವುದುಂಟು. ಸಂಬಳ ಕೊಟ್ಟವನ ಹೆಸರು ಶೈಲಿಗೂ ಅಂಟಿಕೊಂಡಿತು.

ಇನ್ನು ರೋಡೋಡೆಂಡ್ರಾನ್ ವಿಷಯಕ್ಕೆ ಬರೋಣ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಗುಲಾಬಿ ಮರ ಎಂದು ಅರ್ಥ. ಗುಲಾಬಿಯ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ತಂಪು ಹವೆ, ಹುಳಿಗುಣದ ಮಣ್ಣು, ಸದಾ ತೇವ ಇದಕ್ಕೆ ಬೇಕು. ಹಿಮಾಲಯದ ತಪ್ಪಲಿನವರಿಗೆ ಇದು ಮನೆಯ ಹೂವು. ಉತ್ತರಾಖಂಡದಲ್ಲಿ ಬುರಾಂಶ್ ಎಂಬ ಹೆಸರಿನಿಂದ ರಾಜ್ಯದ ಮರವಾಗಿದೆ, ಹೂವಿನಿಂದ ಷರಬತ್ತು ಮಾಡುತ್ತಾರೆ. ನೇಪಾಳದಲ್ಲಿ ಲಾಲಿ ಗುರಾಂಸ್ ಎಂದು ರಾಷ್ಟ್ರಪುಷ್ಪ. ಸಿಕ್ಕಿಮಿನ ಬರ್ಸೆಯಲ್ಲಿ ಈ ಹೂವಿನ ಕಾಡಿಗೇ ಒಂದು ಅಭಯಾರಣ್ಯವಿದೆ.

ನಮಗೆ ಹತ್ತಿರದ ರೋಡೋಡೆಂಡ್ರಾನ್ ನೋಡಬೇಕೆಂದರೆ ಊಟಿಗೇ ಹೋಗಬೇಕು. ನೀಲಗಿರಿಯ ಎತ್ತರದ ಶೋಲಾ ಕಾಡಿನ ಅಂಚಿನಲ್ಲಿ, ಹುಲ್ಲುಗಾವಲಿನ ನಡುವೆ, ಸೊಟ್ಟಸೊಟ್ಟ ಕಾಂಡದ ಗಿಡ್ಡ ಮರಗಳಾಗಿ ಅದು ನಿಂತಿರುತ್ತದೆ. ರೆಂಬೆಯ ತುದಿಯಲ್ಲಿ ಕೆಂಪು ಹೂವಿನ ಗೊಂಚಲು. ಹಿಮಾಲಯದ ಮರದ ಹತ್ತಿರದ ಬಂಧು ಇದು. ನಡುವೆ ಸಾವಿರಾರು ಕಿಲೋಮೀಟರ್ ಬಯಲುನಾಡಿನಲ್ಲಿ ಎಲ್ಲೂ ಇಲ್ಲದ ಮರ ದಕ್ಷಿಣದ ಬೆಟ್ಟದ ತಲೆಯ ಮೇಲೆ ಹೇಗೆ ಬಂತು ಎಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ಭೂಮಿ ಈಗಿಗಿಂತ ಬಹಳ ತಂಪಾಗಿದ್ದ ಹಿಮಯುಗದಲ್ಲಿ ಈ ಜಾತಿ ದಕ್ಷಿಣಕ್ಕೂ ಹರಡಿತ್ತು, ಸೆಕೆ ಏರಿದಂತೆ ಬಯಲಿನಲ್ಲಿ ಅಳಿದು ಎತ್ತರದಲ್ಲಿ ಮಾತ್ರ ಉಳಿಯಿತು ಎಂಬ ವಿವರಣೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಸುಮಾರು 1500 ಮೀಟರಿಗಿಂತ ಕೆಳಗೆ ಅದಕ್ಕೆ ಮನಸ್ಸಿಲ್ಲ. ಶಿವಮೊಗ್ಗ ಇರುವುದು ಹೆಚ್ಚುಕಡಿಮೆ 570 ಮೀಟರಿನಲ್ಲಿ. ನಮ್ಮ ಜಿಲ್ಲೆಯ ಹೆಮ್ಮೆಯ ಕೊಡಚಾದ್ರಿಯ ಎತ್ತರ ಕೂಡ 1343 ಮೀಟರ್.

ಯೂರೋಪಿನ ತೋಟಗಳಿಗೆ ಈ ಹೂವಿನ ಹುಚ್ಚು ಹಿಡಿಸಿದವನು ಜೋಸೆಫ್ ಹೂಕರ್. ಕ್ಲೆಗ್‌ಹಾರ್ನ್‌ಗೆ ದಿನಕ್ಕೊಂದು ಗಿಡದ ಪಾಠ ಹೇಳಿದ ವಿಲಿಯಂ ಹೂಕರನ ಮಗ. ಶಿವಮೊಗ್ಗದ ಚಿತ್ರಗಳು ಮುಗಿದ ಮರುವರ್ಷವೇ, 1848ರಲ್ಲಿ, ಆತ ಸಿಕ್ಕಿಮ್ ಬೆಟ್ಟ ಹತ್ತಿದ. ಅನುಮತಿಯಿಲ್ಲದೆ ಗಡಿ ದಾಟಿದನೆಂದು 1849ರ ನವೆಂಬರಿನಲ್ಲಿ ಸಿಕ್ಕಿಮಿನವರು ಅವನನ್ನೂ ಡಾರ್ಜಿಲಿಂಗಿನ ಸೂಪರಿಂಟೆಂಡೆಂಟ್ ಕ್ಯಾಂಪ್‌ಬೆಲ್‌ನನ್ನೂ ಹಿಡಿದಿಟ್ಟರು. ಅದನ್ನೇ ನೆಪ ಮಾಡಿಕೊಂಡು ಕಂಪನಿ ಸಿಕ್ಕಿಮಿನ ಕೆಳಭಾಗದ ನೆಲವನ್ನು ಕಿತ್ತುಕೊಂಡಿತು. ಹೂವಿನ ಕಥೆಯಲ್ಲಿ ರಾಜಕಾರಣ ಏಕೆ ಎನ್ನುವವರಿಗೆ ಈ ಪ್ರಸಂಗ ಸಾಕು. ಹೂಕರ್ ಕಳಿಸಿದ ಬೀಜಗಳು ಕ್ಯೂ ಉದ್ಯಾನ ಸೇರಿ, ಅಲ್ಲಿಂದ ಬ್ರಿಟನ್ನಿನ ತೋಟಗಳಿಗೆ ಹಂಚಿಹೋದವು. ಸಿಕ್ಕಿಮಿನ ರೋಡೋಡೆಂಡ್ರಾನ್‌ಗಳ ಬಗ್ಗೆ ಆತ 1849ರಿಂದ 1851ರವರೆಗೆ ಕಂತುಗಳಲ್ಲಿ ತಂದ ದೊಡ್ಡ ಚಿತ್ರಸಂಪುಟ ನೋಡಿ ಸಿರಿವಂತರ ಎಸ್ಟೇಟುಗಳೆಲ್ಲ ಹಿಮಾಲಯವನ್ನು ಅಂಗಳಕ್ಕೆ ತರಿಸಿಕೊಳ್ಳಲು ಹೊರಟವು.

ಎಡಿನ್‌ಬರೋದ ಸಂಗ್ರಹವನ್ನು ದೊಡ್ಡದು ಮಾಡಿದವನು ಇನ್ನೊಬ್ಬ ಸ್ಕಾಟಿಷ್‌ನವ, ಜಾರ್ಜ್ ಫಾರೆಸ್ಟ್. 1904ರಿಂದ 1932ರಲ್ಲಿ ಅಲ್ಲೇ ಕಣ್ಣುಮುಚ್ಚುವವರೆಗೆ ಏಳು ಬಾರಿ ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ ಹೋಗಿ ಸಾವಿರಾರು ಗಿಡಗಳ ಮಾದರಿ, ಬೀಜ ತಂದ. ನಿಜವಾಗಿ ಬೆಟ್ಟ ಹತ್ತಿ ಬೀಜ ಕೂಡಿಸಿದವರಲ್ಲಿ ಹೆಚ್ಚಿನವರು ಅಲ್ಲಿನ ನಾಶಿ ಬುಡಕಟ್ಟಿನವರು; ಅವರ ಮುಖಂಡ ಝಾವ್ ಚೆಂಗ್‌ಝಾಂಗ್‌ನ ಹೆಸರನ್ನು ಸಂಶೋಧಕರು ಇತ್ತೀಚಿನ ದಶಕಗಳಲ್ಲಿ ಎತ್ತಿ ಹೇಳುತ್ತಿದ್ದಾರೆ. ಚೀನಾದವನಿಗೆ ತಡವಾಗಿಯಾದರೂ ಹೆಸರು ಸಿಕ್ಕಿತು. ಡಾರ್ಜಿಲಿಂಗಿನಲ್ಲಿ ಕ್ಯಾತ್‌ಕಾರ್ಟ್ ಎಂಬ ಅಧಿಕಾರಿ ಭಾರತೀಯ ಚಿತ್ರಕಾರರಿಂದ ಹಿಮಾಲಯದ ಗಿಡಗಳ ಚಿತ್ರ ಬರೆಸಿದ್ದ. ಅವನ್ನು ಆಧರಿಸಿ ಇಂಗ್ಲೆಂಡಿನಲ್ಲಿ ಫಿಚ್ ಎಂಬಾತ ಮತ್ತೆ ಬರೆದ ಚಿತ್ರಗಳು 1855ರಲ್ಲಿ ಪುಸ್ತಕವಾದವು. ಹೆಸರು ಬಂದದ್ದು ಫಿಚ್‌ಗೆ. ನಮ್ಮ ಶಿವಮೊಗ್ಗದ ಮರಾಠಿ ಕಲಾವಿದನದೂ ಅದೇ ಪಾಡು.

ಕ್ಲೆಗ್‌ಹಾರ್ನ್ ಶಿವಮೊಗ್ಗದಲ್ಲಿ ಹೂವನ್ನಷ್ಟೇ ನೋಡಲಿಲ್ಲ, ಕಾಡು ಕರಗುವುದನ್ನೂ ನೋಡಿದ. ಸಾಗುವಾನಿ ಮರಗಳು ಲೆಕ್ಕವಿಲ್ಲದೆ ಉರುಳುತ್ತಿದ್ದವು. ಅನಾರೋಗ್ಯದ ರಜೆಯ ಮೇಲೆ ಊರಿಗೆ ಹೋದವನು ಬ್ರಿಟಿಷ್ ವಿಜ್ಞಾನ ಸಂಘದ ಸಮಿತಿಯೊಂದರ ಪರವಾಗಿ ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳ ಬಗ್ಗೆ 1851ರಲ್ಲಿ ವರದಿ ಮಂಡಿಸಿದ. ಕಾಡು ಹೋದರೆ ಮಳೆ, ನೀರು, ಹವೆಗೂ ಪೆಟ್ಟು ಎಂಬ ಮಾತು ಸರಕಾರದ ಕಿವಿಗೆ ಬಿದ್ದ ಮೊದಮೊದಲ ದಾಖಲೆಗಳಲ್ಲಿ ಅದೂ ಒಂದು. 1856ರಲ್ಲಿ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. ಅದೇ ವರ್ಷ ಹೈದರಾಲಿ 1760ರಲ್ಲಿ ಹಾಕಿಸಿದ ಬೆಂಗಳೂರಿನ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಯಿತು. ಅದರ ಹಿಂದೆಯೂ ಕ್ಲೆಗ್‌ಹಾರ್ನ್‌ನ ಸಲಹೆ ಇತ್ತು. ಇಂದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ನೂಕುನುಗ್ಗಲು ಮಾಡುವ ನಾವು ಆ ತೋಟದ ಬೇರಿನ ಒಂದು ಎಳೆ ಶಿವಮೊಗ್ಗದಲ್ಲಿದೆ ಎಂದು ನೆನೆಯಬಹುದು.

ಆದರೆ ಆತನನ್ನು ತೀರ ಹೊಗಳಿ ಮುಗಿಸುವಂತಿಲ್ಲ. ಕಾಡು ಸವರಿ ಸುಟ್ಟು ರಾಗಿ ಬಿತ್ತುವ ಬೆಟ್ಟದ ಜನರ ಕುಮರಿ ಬೇಸಾಯವನ್ನೇ ಆತ ದೊಡ್ಡ ಅಪರಾಧಿಯಾಗಿ ಕಂಡ. ಮದರಾಸು ಸರಕಾರ 1860ರಲ್ಲಿ ಕುಮರಿಯನ್ನು ನಿಷೇಧಿಸಿತು. ರೈಲ್ವೆ ಹಳಿಗಳಿಗೆ ಬೇಕಾದ ಸ್ಲೀಪರುಗಳಿಗಾಗಿ ಕಾಡು ಖಾಲಿಯಾಗುತ್ತಿದ್ದುದೂ ಆತನಿಗೆ ಗೊತ್ತಿತ್ತು, ಅದರ ಬಗ್ಗೆ ಬರೆದೂ ಇದ್ದಾನೆ. ನಿಷೇಧ ಬಂದದ್ದು ಮಾತ್ರ ಕುಮರಿಗೆ, ರೈಲಿಗಲ್ಲ. ಕಾಡು ಯಾರದು ಎಂಬ ಜಗಳ ಮಲೆನಾಡಿನಲ್ಲಿ ಇನ್ನೂ ಮುಗಿದಿಲ್ಲ.

ಶಿವಮೊಗ್ಗದಿಂದ ಅರ್ಧ ಗಂಟೆಯ ಬಸ್ಸಿನ ದಾರಿಯ ಭದ್ರಾವತಿಯನ್ನೇ ನೋಡಿ. ಇದರ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಾಗ ಕುಲುಮೆಗೆ ಹಾಕಲು ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿರಲಿಲ್ಲ. ಸುತ್ತಲಿನ ಕಾಡಿನ ಮರವನ್ನೇ ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಮರ ಬೇಯಿಸುವಾಗ ಬರುವ ಹೊಗೆಯಿಂದ ಸ್ಪಿರಿಟ್ಟು, ಟಾರು ತೆಗೆಯುವ ಘಟಕವನ್ನೂ ಕಟ್ಟಿದ್ದರು. ವಿಶ್ವೇಶ್ವರಯ್ಯನವರ ಈ ಸಾಹಸ ಸಂಸ್ಥಾನದ ಹೆಮ್ಮೆ, ಸಾವಿರಾರು ಮನೆಗಳ ಅನ್ನ. ಅದರ ಬೆಲೆಯಲ್ಲಿ ಒಂದು ಪಾಲನ್ನು ಮಲೆನಾಡಿನ ಮರಗಳು ಕೊಟ್ಟವು ಎಂಬುದೂ ಲೆಕ್ಕಕ್ಕೆ ಬರಬೇಕು. ಮುಂದೆ ಇಲ್ಲಿನ ಕಾಗದದ ಕಾರ್ಖಾನೆಗಾಗಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ಆ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಅಕೇಶಿಯಾ ಮಾತ್ರ ಹೋಗಿಲ್ಲ.

ಕಬ್ಬಿಣದ ಇನ್ನೊಂದು ತುದಿಯಲ್ಲಿ ಒಂದು ಹೂದೋಟವಿದೆ ಎಂಬುದು ಸ್ವಾರಸ್ಯದ ಸಂಗತಿ. ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇ ಮೇಲೆ ತೂಗುತ್ತ ಇಳಿದು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ತಂಗುತ್ತಿದ್ದ ಆ ಬೆಟ್ಟ ಈಗ ತೋಟಗಾರಿಕೆ ಇಲಾಖೆಯ ಗಿರಿಧಾಮ. ಭದ್ರಾವತಿಯಿಂದ ತರೀಕೆರೆ, ಲಿಂಗದಹಳ್ಳಿ ದಾಟಿ ಮೇಲೆ ಹೋದರೆ 1400 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಗುಲಾಬಿ ತೋಟ, ಮಂಜು, ಹೊರನಾಡಿನ ಹೂಗಳು. ನಮ್ಮ ಜನ ಸಾರ್ವಜನಿಕ ತೋಟದಲ್ಲಿ ಹೂ ನೋಡಲೆಂದೇ ಹೋಗುವ ಹತ್ತಿರದ ಎತ್ತರದ ಜಾಗ ಅದೇ.

ಇಲ್ಲಿ ಒಂದು ಮಾತು ಹೇಳಲೇಬೇಕೆನಿಸುತ್ತದೆ. ನಮ್ಮಲ್ಲಿ ಫಲಪುಷ್ಪ ಪ್ರದರ್ಶನವೆಂದರೆ ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ. ಕುಂಡದಲ್ಲಿ ಬೆಳೆಸಿದ ಡೇಲಿಯಾ, ಸೇವಂತಿಗೆಗಳು ಕ್ಯಾಲೆಂಡರ್ ನೋಡಿಕೊಂಡು ಅರಳುತ್ತವೆ. ಎಡಿನ್‌ಬರೋದವರು ಹೂ ಬಿಟ್ಟಾಗ ನೋಡಲು ಹೋಗುತ್ತಾರೆ. ನಾವು ನೋಡಲು ಹೋಗುವ ದಿನಕ್ಕೆ ಹೂ ಬಿಡಿಸುತ್ತೇವೆ. ಮಲೆನಾಡಿನ ನಿಜವಾದ ವಸಂತ ಆ ಎರಡೂ ತಾರೀಕುಗಳ ನಡುವೆ ಸದ್ದಿಲ್ಲದೆ ಬಂದುಹೋಗುತ್ತದೆ. ಫೆಬ್ರವರಿ ಬರುತ್ತಿದ್ದಂತೆ ಎಲೆ ಕಳಚಿದ ಬೂರುಗದ ಮರದಲ್ಲಿ ದಪ್ಪ ಎಸಳಿನ ಕೆಂಪು ಹೂವು, ಅದರ ಹಿಂದೆಯೇ ಮುತ್ತುಗ. ಯುಗಾದಿಯ ಹೊತ್ತಿಗೆ ಹೊಂಗೆಯ ಚಿಗುರು, ಬೇವಿನ ಹೂವು. ಏಪ್ರಿಲ್, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಜಲ್ಲಿ, ಹೊಳೆಯಂಚಿನಲ್ಲಿ ಹೊಳೆದಾಸವಾಳದ ನಸುನೇರಳೆ. ಮುಂಗಾರಿಗೆ ಮುಂಚೆ ಮರದ ಕೊಂಬೆಯಿಂದ ಜಡೆಯಂತೆ ಇಳಿಯುವ ಸೀತಾಳೆ ದಂಡೆ.

ಹೂವಿನ ಮೇಲೆ ನಮಗೆ ಪ್ರೀತಿಯಿಲ್ಲವೆಂದಲ್ಲ. ನಮ್ಮ ಪ್ರೀತಿ ಬಳಕೆಯ ಪ್ರೀತಿ. ಮುತ್ತುಗದ ಎಲೆ ಊಟಕ್ಕೆ, ಕಡ್ಡಿ ಹೋಮಕ್ಕೆ, ಹೂವು ಓಕುಳಿಯ ಬಣ್ಣಕ್ಕೆ. ಸೀತಾಳೆ ಮುಡಿಗೆ. ಸುಮ್ಮನೆ ನಿಂತು ನೋಡುವುದಕ್ಕೆಂದು ಮರದ ಬಳಿ ಹೋಗುವ ರೂಢಿ ನಮ್ಮಲ್ಲಿ ಕಡಿಮೆ. ಹಾಗಾಗಿ ರಸ್ತೆ ಅಗಲ ಮಾಡುವಾಗ ಮುತ್ತುಗವೊಂದು ಉರುಳಿದರೆ ಯಾರ ಮನೆಯ ಹೂವೂ ಹೋದಂತೆ ಅನ್ನಿಸುವುದಿಲ್ಲ. ಹೆಸರಿನಲ್ಲಾದರೂ ಮುತ್ತುಗ ನಮ್ಮದೇ ಉಳಿದಿದೆಯೇ ಎಂದರೆ, ಶಾಸ್ತ್ರೀಯವಾಗಿ ಅದು ಬ್ಯೂಟಿಯಾ ಮೊನೊಸ್ಪರ್ಮಾ. ಬ್ರಿಟನ್ನಿನ ಪ್ರಧಾನಿಯಾಗಿದ್ದ, ಸಸ್ಯಶಾಸ್ತ್ರದ ಪೋಷಕ ಅರ್ಲ್ ಆಫ್ ಬ್ಯೂಟ್‌ನ ಗೌರವಾರ್ಥ ಇಟ್ಟ ಹೆಸರು. ಆತನೂ ಸ್ಕಾಟಿಷ್‌ನವನೇ! ಕ್ಲೆಗ್‌ಹಾರ್ನ್ ಹೆಸರಿನಲ್ಲೂ ಕ್ಲೆಗ್‌ಹಾರ್ನಿಯಾ ಎಂಬ ಬಳ್ಳಿಗಳ ಕುಲವಿದೆ; ಇಟ್ಟವನು ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್.

ಕ್ಲೆಗ್‌ಹಾರ್ನ್ 1860ರ ದಶಕದ ಕೊನೆಗೆ ಸ್ವದೇಶಕ್ಕೆ ಮರಳಿ, ಸೇಂಟ್ ಆಂಡ್ರೂಸ್ ಬಳಿಯ ತನ್ನ ಸ್ಟ್ರಾವಿಥಿ ಎಸ್ಟೇಟಿನಲ್ಲಿ ನೆಲೆಸಿ 1895ರಲ್ಲಿ ತೀರಿಕೊಂಡ. ಶಿವಮೊಗ್ಗದಲ್ಲೂ ಮುಂದೆ ಮದರಾಸಿನಲ್ಲೂ ಬರೆಸಿದ ಚಿತ್ರಗಳ ಕಟ್ಟುಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಬೊಟಾನಿಕ್ ಗಾರ್ಡನ್ನಿನ ಗ್ರಂಥಾಲಯ ಸೇರಿದವು. ಅಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದವನ್ನು ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು ಒಂದೊಂದಾಗಿ ಬಿಡಿಸಿ, ಗುರುತಿಸಿ, 2016ರಲ್ಲಿ ಪುಸ್ತಕವಾಗಿ ತಂದರು. ಮದರಾಸಿನಲ್ಲಿ ವೈಟ್ ಬಳಿ ದುಡಿದ ರಂಗಯ್ಯ, ಗೋವಿಂದು ಎಂಬ ಚಿತ್ರಕಾರರ ಹೆಸರುಗಳು ಇಂದು ಕಲಾಪ್ರಪಂಚಕ್ಕೆ ತಿಳಿದಿರುವುದರಲ್ಲಿ ಅವರ ಶ್ರಮವೂ ಇದೆ. ಶಿವಮೊಗ್ಗದವನು ಮಾತ್ರ ಅವರ ಪುಸ್ತಕದಲ್ಲೂ ಹೆಸರಿಲ್ಲದವನೇ.

ಆ ಚಿತ್ರಗಳು ನಮಗೆ ಏಕೆ ಬೇಕು? ಹಳೆಯ ಕಾಗದದ ಮೇಲಿನ ಅಭಿಮಾನಕ್ಕಷ್ಟೇ ಅಲ್ಲ. ಕಬ್ಬಿಣದ ಕುಲುಮೆಗೂ ಕಾಗದದ ಯಂತ್ರಕ್ಕೂ ಅಣೆಕಟ್ಟುಗಳಿಗೂ ಮುಂಚಿನ ಶಿವಮೊಗ್ಗ ಸೀಮೆಯಲ್ಲಿ ಏನೇನು ಬೆಳೆಯುತ್ತಿತ್ತು ಎಂಬುದಕ್ಕೆ ಬಣ್ಣದಲ್ಲಿ ಉಳಿದ ಸಾಕ್ಷಿ ಅದು. ಅವನ್ನು ನೋಡಲು ಶಿವಮೊಗ್ಗದ ಶಾಲೆಯ ಹುಡುಗಿಯೊಬ್ಬಳು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ಮೂಲ ಚಿತ್ರ ಅಲ್ಲೇ ಇರಲಿ, ಜೋಪಾನ ಚೆನ್ನಾಗಿಯೇ ಇದೆ. ಒಳ್ಳೆಯ ಅಚ್ಚಿನ ಪ್ರತಿಗಳನ್ನು ತರಿಸಿ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದ ಗೋಡೆಗೆ ಹಾಕಿಸುವುದು ದೊಡ್ಡ ಖರ್ಚಿನ ಮಾತಲ್ಲ. ಪಕ್ಕದಲ್ಲಿ ಗಿಡದ ಕನ್ನಡ ಹೆಸರು, ಈಗ ಅದು ಎಲ್ಲಿ ಸಿಗುತ್ತದೆ ಎಂಬ ಎರಡು ಸಾಲು ಇದ್ದರೆ ಸಾಕು. ಪ್ರದರ್ಶನವನ್ನು ಜನವರಿಯಲ್ಲಿ ಇಡುವುದು ಬೇಡ. ಮಾರ್ಚ್ ಮೊದಲ ವಾರ ಇಟ್ಟರೆ ಮುತ್ತುಗ ಇನ್ನೂ ಮರದ ಮೇಲಿರುತ್ತದೆ. ತಿಂಗಳ ಕೊನೆಯ ಹೊತ್ತಿಗೆ ಬಹುಪಾಲು ಉದುರಿರುತ್ತದೆ.